ಏಣಿ ಯಾವ ಕಡೆಗೆ

"ಬಿಗಿಯಾಗಿ ಹಿಡ್ಕೊಳ್ಳಿ ಅಕ್ಕ, ಇದೊಂದೇ ಬೋಲ್ಟು ಬಾಕಿ," ಎಂದು ಮೆಕ್ಯಾನಿಕ್ ಕೆಳಗಿನಿಂದ ಕೂಗಿದ. ಪ್ರವಾಸದಲ್ಲಿ ಮಲಗಲೆಂದು ಪಿಕಪ್ ಗಾಡಿಯ ನೆತ್ತಿಗೆ ಕೂರಿಸಿ ಬಿಚ್ಚಿದ್ದ ಹೊಸ ಟೆಂಟಿನೊಳಗೆ ಅವಳು ಮಂಡಿಯೂರಿ ಕೂತು, ಬೋಲ್ಟು ತಿರುಗದಂತೆ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಅವಳ ಗಂಡ ದೂರದಲ್ಲಿ ನಿಂತು ಫೋಟೊ ತೆಗೆಯುತ್ತಿದ್ದ.

ಬೆಳಗಿನಿಂದ ಗ್ಯಾರೇಜಿನ ಏಣಿಯನ್ನು ಅವಳು ಆರು ಸಲ ಹತ್ತಿ ಇಳಿದಿದ್ದಳು. ಟೆಂಟನ್ನು ಆರಿಸಿದವಳೂ ಅವಳೇ. ಅಂಗಡಿಯಲ್ಲಿ ಚಪ್ಪಲಿ ಬಿಚ್ಚಿಟ್ಟು, ಮೂರು ಟೆಂಟುಗಳಲ್ಲೂ ಮಲಗಿ ನೋಡಿ, ದಿಂಬಿನ ನೇರಕ್ಕೆ ಕಿಟಕಿ ಬರುವುದೇ ಬೇಕೆಂದು ಹಟ ಹಿಡಿದಿದ್ದಳು. ಗಂಡ ಅಂದು ಯಾವುದಕ್ಕೂ ಬೇಡ ಎಂದಿರಲಿಲ್ಲ. ಆ ಹಿಗ್ಗು ಅವಳಲ್ಲಿ ಇನ್ನೂ ಇಳಿದಿರಲಿಲ್ಲ.

"ಸಾರ್, ಟೆಂಟಿನ ಏಣಿ ಯಾವ ಕಡೆ ಕೂರಿಸ್ಲಿ? ಅಕ್ಕ ಮಲಗೋ ಕಡೆಗಾ?" ಕೊನೆಯ ಬೋಲ್ಟು ಬಿಗಿದು ಮೆಕ್ಯಾನಿಕ್ ಕೇಳಿದ.

"ಅಯ್ಯೋ, ಅವಳೆಲ್ಲಿ ಬರ್ತಾಳಪ್ಪ!" ಗಂಡ ಫೋನಿನಿಂದ ಕಣ್ಣೆತ್ತಲಿಲ್ಲ. "ಹೋಗೋದು ನಾನು, ನನ್ನ ಸ್ನೇಹಿತ. ಅವಳಿಗೆ ಮಂಡಿ ನೋವು. ಏಣಿ ಹತ್ತೋಕಾಗಲ್ಲ."

ಮಂಡಿ ನೋವು ಬಂದಿದ್ದು ನಾಲ್ಕು ವರ್ಷದ ಹಿಂದೆ, ಅದೂ ಹದಿನೈದು ದಿನ. ಅವಳಿಗೇ ಮರೆತುಹೋಗಿತ್ತು. ಮೆಕ್ಯಾನಿಕ್ ತಲೆಯೆತ್ತಿ ನೋಡಿದ. ಕಿಟಕಿಯ ಜಾಲರಿಯ ಹಿಂದೆ ಅವಳು ಸ್ಪ್ಯಾನರ್ ಸಡಿಲಿಸದೆ ಹಾಗೇ ಕೂತಿದ್ದಳು. ಅವನು ಗ್ಯಾರೇಜಿನ ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಂತ.

"ಮೇಲಿನ ಕೆಲಸ ಆಯ್ತಕ್ಕ. ಇಳೀರಿ."

ಅವಳು ಕದಲಲಿಲ್ಲ. "ಹತ್ತೋಕೇ ಆಗದವಳು ಇಳಿಯೋದು ಹೇಗಪ್ಪ?"