ಹುಬ್ಬಿನ ಬಣ್ಣ

ರಿಸೆಪ್ಶನ್ ಕಡೆಯಿಂದ ಆ ದನಿ ಕೇಳಿದ್ದೇ ತಡ, ಶಿವಕುಮಾರಿ ಮಾಸ್ಕ್ ಏರಿಸಿ, ತಲೆಯ ಟೋಪಿಯನ್ನು ಕನ್ನಡಕದವರೆಗೂ ಎಳೆದುಕೊಂಡಳು.

ಆ ದನಿಯನ್ನು ಅವಳು ಕೇಳಿದ್ದು ಒಂದೇ ಸಲ, ಫೋನಿನಲ್ಲಿ. "ನಾನು ಸಾಧನಾ. ಅನಿಲ್ ಇನ್ನು ನಿಮ್ಮ ಮನೆಗೆ ಬರಲ್ಲ. ಜನ್ಮದಲ್ಲಿ ನಿಮ್ಮ ಮುಖ ನೋಡಲ್ಲ ಅಂದಿದ್ದಾರೆ. ಪ್ಲೀಸ್, ಮತ್ತೆ ಫೋನ್ ಮಾಡ್ಬೇಡಿ." ಹಿಂದಿನಿಂದ ಗಂಡಸೊಬ್ಬ ನಕ್ಕಿದ್ದ. ಅದು ಅವಳ ಗಂಡನ ನಗು. ಶಿವಕುಮಾರಿ ಆ ಕ್ಷಣವೇ ಫೋನ್ ಇಟ್ಟಿದ್ದಳು.

ವಿಚ್ಛೇದನ ವಕೀಲರ ನಡುವೆಯೇ ಮುಗಿಯಿತು. ತವರು ಧಾರವಾಡಕ್ಕೆ ಮರಳದೆ, ಅವಳು ಮುಂಬೈನ ಅಂಧೇರಿಯ ಈ ಸ್ಟುಡಿಯೊದಲ್ಲಿ ಪರ್ಮನೆಂಟ್ ಮೇಕಪ್ ಕಲಿತಳು. ಸೂಜಿಯಿಂದ ಚರ್ಮದೊಳಗೆ ಬಣ್ಣ ಕೂರಿಸುವ ಕೆಲಸ.

ಈಗ ಅದೇ ಸಾಧನಾ ಅವಳ ಮುಂದಿನ ಕುರ್ಚಿಯಲ್ಲಿ ಒರಗಿದ್ದಳು.

"ಹುಬ್ಬು ತುಂಬಾ ತೆಳು ಆಗಿದೆ. ದಿನಾ ಪೆನ್ಸಿಲ್ ಹಚ್ಚಿ ಬೋರ್ ಆಯ್ತು. ಇದು ಸೇಫ್ ಅಲ್ವಾ? ನಿಮ್ಮ ಹೆಸರೇನು?"

"ಅಪ್ಪಿ ಅಂತಾರ್ರಿ," ಎಂದು ಶಿವಕುಮಾರಿ ತವರಿನ ಅಡ್ಡಹೆಸರು ಹೇಳಿದಳು. "ಸೇಫ್ ಅನ್ನೂದು ಬಣ್ಣದ ಮ್ಯಾಲ ಅದ. ಮದ್ಲ ಕಿವಿ ಹಿಂದ ಒಂಚೂರು ಹಾಕಿ ನೋಡೋಣ."

ಸಾಧನಾ ಹೋದ ಮೇಲೆ ಶಿವಕುಮಾರಿ ಬಣ್ಣದ ಕಪಾಟು ತೆರೆದಳು. ಕೆಳಗಿನ ಮೂಲೆಯಲ್ಲಿ ಲೇಬಲ್ ಇಲ್ಲದ ಬಾಟಲಿಯೊಂದಿತ್ತು. ಯಾರೋ ಏಜೆಂಟ್ ಸ್ಯಾಂಪಲ್ ಎಂದು ಬಿಟ್ಟುಹೋದದ್ದು. ಒಳಗೆ ಏನಿದೆಯೆಂದು ಅವನಿಗೂ ಗೊತ್ತಿರಲಿಲ್ಲ. ಅಂಥದ್ದೇ ಬಣ್ಣವನ್ನು ಬೇರೆಲ್ಲೋ ಹಾಕಿಸಿಕೊಂಡ ವಿಕ್ರೋಳಿಯ ಹುಡುಗಿಯೊಬ್ಬಳು ಹಿಂದೆ ಇಲ್ಲಿಗೆ ಅಳುತ್ತ ಬಂದಿದ್ದಳು. ಹುಬ್ಬು ಬಾತು, ಕೀವಾಗಿ, ಒಣಗಿದ ಮೇಲೆ ಇಟ್ಟಿಗೆಯ ಕೆಂಪಿಗೆ ತಿರುಗಿತ್ತು. ಒಮ್ಮೆ ತೋರಿಸಿದವಳು ಮತ್ತೆ ಹಣೆಯ ಮೇಲಿನ ದುಪಟ್ಟಾ ಸರಿಸಲು ಒಪ್ಪಿರಲಿಲ್ಲ.

ಸೇಡು ಹೀಗೆ ತಾನಾಗಿ ನಡೆದು ಬಂದು ಕುರ್ಚಿಯಲ್ಲಿ ಒರಗೀತೆಂದು ಶಿವಕುಮಾರಿ ಎಣಿಸಿರಲಿಲ್ಲ. ಬಾಟಲಿಯನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು.

ಮುಂದಿನ ವಾರ ಸಾಧನಾ ಮತ್ತೆ ಬಂದಳು. ಕಿವಿಯ ಹಿಂದೆ ತುರಿಕೆಯಿಲ್ಲ, ಕೆಂಪಿಲ್ಲ.

"ನನಗೆ ನೇರ ಹುಬ್ಬು ಬೇಕು," ಎಂದಳು.

"ನೇರ ನಿಮಗ ಒಪ್ಪಂಗಿಲ್ರಿ. ನಾ ಬರದು ತೋರಸ್ತೀನಿ."

ಎರಡೂ ಹುಬ್ಬು ಸಮ ಮಾಡುವ ಅಳತೆಯ ದಾರ ಮುಟ್ಟದೆ ಶಿವಕುಮಾರಿ ಪೆನ್ಸಿಲಿನಿಂದ ಗೆರೆ ಎಳೆದಳು. ಕೈ ಒಮ್ಮೆಯೂ ತಡವರಿಸಲಿಲ್ಲ. ಸಾಧನಾ ಕನ್ನಡಿ ನೋಡಿದಳು.

"ವಾಹ್, ಕಿತ್ನಾ ನ್ಯಾಚುರಲ್! ಆದ್ರೆ ಎಡಗಡೇದು ಸ್ವಲ್ಪ ಮೇಲಿಲ್ವಾ?"

"ದೇವರು ಕೊಟ್ಟ ಹುಬ್ಬು ಎರಡೂ ಒಂದ ಥರ ಇರ್ತಾವೇನ್ರಿ?"

ಸಾಧನಾ ನಕ್ಕು ಕಣ್ಣು ಮುಚ್ಚಿದಳು. ಶಿವಕುಮಾರಿಯ ಕೈ ಜೇಬಿಗೆ ಹೋಯಿತು. ಫೋನಿನಲ್ಲಿ ಕೇಳಿದ ಆ ನಗು ಕಿವಿಯಲ್ಲಿ ಮತ್ತೆ ಮೊರೆಯಿತು. ಕೀವಾದರೆ ಇವಳು ಅಳುತ್ತಾಳೆ, ಡಾಕ್ಟರ ಬಳಿ ಓಡುತ್ತಾಳೆ. ಅನಿಲ್ ಪಕ್ಕದಲ್ಲಿ ಕೂತು ಸಮಾಧಾನ ಮಾಡುತ್ತಾನೆ. ಅಷ್ಟೇ. ಅಷ್ಟು ಸಾಲದು.

ಬಾಟಲಿಯನ್ನು ಕಸದ ಡಬ್ಬಿಗೆ ಎಸೆದಳು. ಮೇಲಿನ ಸಾಲಿನಿಂದ ಇದ್ದುದರಲ್ಲೇ ಅತ್ಯುತ್ತಮವಾದ ಕಂದು ಬಣ್ಣ ತೆಗೆದಳು. ಕಿವಿಯ ಹಿಂದೆ ಹಾಕಿ ನೋಡಿದ್ದೂ ಅದನ್ನೇ. ಒಳಗೆ ಏನೇನಿದೆಯೆಂದು ಲೇಬಲ್ಲಿನ ಮೇಲೆ ಬರೆದದ್ದು. ಸೀಸ, ನಿಕ್ಕಲ್ ಇಲ್ಲವೆಂದು ಲ್ಯಾಬಿನಲ್ಲಿ ಪರೀಕ್ಷೆಯಾದದ್ದು. ಕೆಂಪಾಗದೆ, ನೀಲಿಯಾಗದೆ ವರ್ಷಗಟ್ಟಲೆ ನಿಲ್ಲುವಂಥದ್ದು. ಹೊಸ ಸೂಜಿ ಬಿಚ್ಚಿ, ಒಂದೊಂದೇ ಎಳೆ ಕೂರಿಸಿದಳು. ಅಷ್ಟು ಒಳ್ಳೆಯ ಕೆಲಸವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ.

ತಿಂಗಳ ಮೇಲೆ, ಬಣ್ಣ ತಿದ್ದಿಸುವ ಟಚ್‌ಅಪ್‌ಗೆ ಬಂದಾಗ ಸಾಧನಾ ಸೊರಗಿದ್ದಳು. ಹುಬ್ಬು ಮಾತ್ರ ಹುಟ್ಟಿನಿಂದಲೇ ಇದ್ದಂತೆ ಕೂತಿತ್ತು.

"ಕಲರ್‌ನಲ್ಲಿ ಏನಾದ್ರೂ ಪ್ರಾಬ್ಲಂ ಇದೆಯಾ ಅಪ್ಪಿ? ಮೊದಲ ದಿನ ಅನಿಲ್ ಬಾಗಿಲು ತೆಗೆದವರೇ ಹೆದರಿ ಹಿಂದೆ ಸರಿದ್ರು. ಈಗ ಊಟಕ್ಕೆ ಕೂತರೂ ತಲೆ ಎತ್ತಲ್ಲ. ಅಳಿಸಿಬಿಡು ಅಂತಾರೆ. ಯಾಕೆ ಅಂದ್ರೆ ಹೇಳಲ್ಲ."

"ಬಣ್ಣದಾಗ ಏನೂ ತಪ್ಪಿಲ್ರಿ. ಅದು ಲಗೂನ ಹೋಗೂದೂ ಅಲ್ಲ."

ಶಿವಕುಮಾರಿ ಕುರ್ಚಿಯನ್ನು ಕನ್ನಡಿಯ ಕಡೆಗೆ ತಿರುಗಿಸಿದಳು. ಸಾಧನಾಳ ಭುಜದ ಪಕ್ಕಕ್ಕೆ ಬಗ್ಗಿ ಮಾಸ್ಕ್ ಇಳಿಸಿದಳು. ಕನ್ನಡಕ ತೆಗೆದಳು. ಕೊನೆಗೆ ಟೋಪಿ.

ಕನ್ನಡಿಯೊಳಗೆ ಎರಡು ಮುಖಗಳಿದ್ದವು. ಎರಡರ ಮೇಲೂ ಅವೇ ಹುಬ್ಬುಗಳು.