ಹಿಂದೆ ಬರುವವರಿಗೆ

ಹನಿಹನಿಯಾಗಿ ಇಳಿಯಬೇಕಿದ್ದ ಡ್ರಿಪ್ಪು ಧಾರೆಯಾಗಿ ಸುರಿಯುತ್ತಿತ್ತು. ಪಕ್ಕದ ಮಂಚದಿಂದ ತಿರುಗಿ ನೋಡಿದ ನರ್ಸು ದಡಬಡ ಬಂದು ಕೊಳವೆಯ ಪುಟ್ಟ ಚಕ್ರವನ್ನು ಬಿಗಿದಳು. ಮಂಚದ ಮೇಲಿದ್ದದ್ದು ವಾಂತಿಯಿಂದ ಸೊರಗಿ ಬಂದಿದ್ದ ಬಸ್ ಡ್ರೈವರು. ಅವಳು ದಿನಾ ಡ್ಯೂಟಿಗೆ ಬರುವುದು ಈತನದೇ ಬಸ್ಸಿನಲ್ಲಿ. ಗಾಢ ನಿದ್ದೆಯಲ್ಲಿದ್ದವನ ಹಾಗೆ ಬಿದ್ದುಕೊಂಡಿದ್ದ, ರೆಪ್ಪೆ ಮಾತ್ರ ಪಟಪಟ ಅನ್ನುತ್ತಿತ್ತು.

"ಈ ಚಕ್ರ ತಿರುಗಿಸಿದ್ದು ಯಾರು?"

"ಗಾಳಿಗಿರಬೇಕು," ಎಂದ, ಕಣ್ಣು ತೆರೆಯದೆ.

"ಗಾಳಿಗೆ ಕೈಯಿದೆಯಾ?" ಮೂಲೆಯಲ್ಲಿ ಕಿತ್ತಳೆ ಸುಲಿಯುತ್ತಿದ್ದ ಹೆಂಡತಿ ಕೇಳಿದಳು. "ಇವರದೇ ಘನಕಾರ್ಯ. ನಾನು ಹಣ್ಣು ತೊಳೆದು ಬರೋಷ್ಟರಲ್ಲಿ ಮುಗಿಸಿದ್ದಾರೆ."

ಡ್ರೈವರು ಕಣ್ಣು ಬಿಟ್ಟ. "ಬಾಟ್ಲಿ ಖಾಲಿಯಾದ್ರೆ ಮನೆಗೆ ಅಂತ ನೀವೇ ಅಂದ್ರಲ್ಲ ಸಿಸ್ಟರ್. ನಾಳೆ ನನ್ನ ಕೊನೇ ಟ್ರಿಪ್ಪು, ನಾಡಿದ್ದಿಂದ ರಿಟೈರು. ಆ ಸ್ಟೀರಿಂಗ್ ಇನ್ನೊಂದ್ಸಲ ಹಿಡೀದೆ ಹೋದ್ರೆ ಜೀವಕ್ಕೆ ಸಮಾಧಾನ ಇರಲ್ಲ."

"ಜೀವ ಇದ್ರೆ ತಾನೇ ಸಮಾಧಾನ? ಇದು ಬರೀ ನೀರಲ್ಲ, ಮದ್ದು ಬೆರೆಸಿದೆ. ನಿಧಾನಕ್ಕೆ ಹೋದ್ರೆ ಹೃದಯಕ್ಕೆ ಒಳ್ಳೇದು, ಒಂದೇ ಸಲ ನುಗ್ಗಿದ್ರೆ ಹೃದಯನೇ ನಿಲ್ಲುತ್ತೆ. ಕೊನೇ ಟ್ರಿಪ್ಪು ಇಲ್ಲಿಂದ್ಲೇ ಆಗ್ತಿತ್ತು." ನರ್ಸು ಚಕ್ರವನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು. "ನಿಮ್ಮ ಬಸ್ಸಿನ ಹಿಂದೆ ಬರೆಸಿದ್ದೀರಲ್ಲ, ಅವಸರವೇ ಅಪಘಾತಕ್ಕೆ ಕಾರಣ ಅಂತ?"

"ಅದು ಹಿಂದೆ ಬರೋರಿಗೆ."

ಡಾಕ್ಟರು ಓಡಿ ಬಂದು ಇಸಿಜಿ ತೆಗೆಸಿದರು. ಪುಣ್ಯಕ್ಕೆ ಹೃದಯ ನೆಟ್ಟಗಿತ್ತು. ಆದರೂ ನಾಳೆ ಇಡೀ ದಿನ ಇಲ್ಲೇ ಇರಬೇಕು ಎಂದುಬಿಟ್ಟರು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ. ಡ್ರೈವರು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ನರ್ಸಿಗೆ ಅಯ್ಯೋ ಅನಿಸಿತು, ನಂಬಿಕೆ ಮಾತ್ರ ಬರಲಿಲ್ಲ. ಹನಿಯ ಲೆಕ್ಕ ಇಡುವ ಯಂತ್ರವೊಂದನ್ನು ತಂದು, ಕೊಳವೆಯನ್ನು ಅದಕ್ಕೆ ಸಿಕ್ಕಿಸಿ, ಗುಂಡಿಗಳನ್ನು ಲಾಕ್ ಮಾಡಿದಳು.

"ಇನ್ನು ನೀವು ತಿಪ್ಪರಲಾಗ ಹಾಕಿದ್ರೂ ಒಂದು ಹನಿ ಹೆಚ್ಚಿಗೆ ಹೋಗಲ್ಲ."

ಡ್ರೈವರು ಯಂತ್ರವನ್ನು ಮೇಲಿಂದ ಕೆಳಗೆ ನೋಡಿದ. "ಗೊತ್ತು ಬಿಡಿ. ಸ್ಪೀಡು ಮೀರದ ಹಾಗೆ ನಮ್ಮ ಬಸ್ಸಿಗೂ ಇಂಥದ್ದೇ ಒಂದು ಡಬ್ಬಿ ಹಾಕಿದ್ರು."

"ಆಮೇಲೆ?"

"ಆಮೇಲೇನು, ನಮ್ಮನೇಲಿದೆ," ಎಂದಳು ಹೆಂಡತಿ. "ಅಡುಗೆಮನೆ ಬಾಗಿಲು ಬಡ್ಕೊಳ್ಳದ ಹಾಗೆ ಅಡ್ಡ ಇಟ್ಟಿದ್ದೀನಿ."

ನರ್ಸಿನ ಕೈ ತಾನಾಗಿಯೇ ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿಯಿತು.

"ಅದಕ್ಕೇ ಅಲ್ವಾ ಸಿಸ್ಟರ್," ಡ್ರೈವರು ಹಲ್ಲು ಕಿರಿದ, "ಇಷ್ಟು ವರ್ಷ ನೀವು ಒಂದು ದಿನಾನೂ ಡ್ಯೂಟಿಗೆ ಲೇಟಾಗದೇ ಇದ್ದದ್ದು?"