ಜೀವವಿಲ್ಲದ ದನಿ

ಧಾರವಾಡದ ವಸಂತರಾವ್ ಹೊಂಬಳರಿಗೆ ಹಳೆಯ ರಾಕ್ ಆಲ್ಬಂಗಳೆಂದರೆ ಪ್ರಾಣ, ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತವೆಂದರೆ ತಾತ್ಸಾರ. ಗೆಳೆಯ ಬಸವಂತಪ್ಪ ಕಂಟ್ರಿ ಆಲ್ಬಂ ಒಂದನ್ನು ತಂದುಕೊಟ್ಟಾಗ ಅವರು ಮೂಗು ಮುರಿದರು.

“ಕುದುರಿ ಕಳಕೊಂಡಾವ್ರ ಅಳು ಇದು. ಇರಲಿ, ಹಚ್ಚಿ ನೋಡೋಣು.”

ಗ್ರಾಮಫೋನಿನ ಮೇಲೆ ತಟ್ಟೆ ತಿರುಗತೊಡಗಿತು. ಹೊಂಬಳರು ತಲೆ ಬಾಗಿಸಿ ಕೇಳಿ, ನಕ್ಕುಬಿಟ್ಟರು.

“ಇವನ ಗಂಟಲದಾಗ ಜೀವಾನ ಇಲ್ಲಲೋ!”

ಸದ್ದು ಏರಿಸಿದರು. ಆದರೂ ಸಪ್ಪೆ. ಇನ್ನಷ್ಟು ಏರಿಸಿದರು.

“ರಾಕ್‌ನಾವ್ರೂ ಹಿಂಗ ಕೆಟ್ಟುಹೋಗ್ಯಾರ. ನನ್ನ ಮೆಚ್ಚಿನ ಆಲ್ಬಂನ ಹೊಸಾ ಪ್ರತಿ ತಂದೆ, ಗಿಟಾರಿನ ಖಾರಾನ ತಗದುಬಿಟ್ಟಾರ ಕಳ್ಳರು!”

ಬಸವಂತಪ್ಪ ಹತ್ತಿರ ಬಂದು ಏನೋ ಅಂದ.

“ಬಾಯಾಗ ಗೊಣಗಬ್ಯಾಡೋ. ಕಂಟ್ರಿ ಕೇಳಿ ಕೇಳಿ ನಿನ್ನ ದನಿನೂ ಸತ್ತದ.”

ಅಷ್ಟರಲ್ಲಿ ಎದುರುಮನೆಯಾಕೆ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು, ಸದ್ದು ಇಳಿಸುವಂತೆ ಕೈಸನ್ನೆ ಮಾಡಿದಳು. ಬಸವಂತಪ್ಪ ಓಡಿಹೋಗಿ ಹಾಡು ನಿಲ್ಲಿಸಿದ.

ಕೂಸು ಮುಖ ಕೆಂಪಗೆ ಮಾಡಿಕೊಂಡು, ಬಾಯಿ ಇಷ್ಟಗಲ ತೆರೆದು ಅಳುತ್ತಿತ್ತು. ಆ ಅಳು ಹೊಂಬಳರ ಕಿವಿಗೆ ಬೀಳಲೇ ಇಲ್ಲ.